ಓ.ಕೆ.: ಎರಡಕ್ಷರದ ಪದಕ್ಕೆ ಹತ್ತಾರು ಹುಟ್ಟುಕಥೆಗಳು

ದಿನ ಬೆಳಗಾದರೆ ನಾವು ಎಷ್ಟು ಬಾರಿ ‘ಓ.ಕೆ.’ ಎನ್ನುತ್ತೇವೆ ಎಂಬುದನ್ನು ಲೆಕ್ಕ ಇಟ್ಟವರಿಲ್ಲ. ದೂರವಾಣಿಯಲ್ಲಿ ಮಾತು ಮುಗಿಸುವಾಗ, ಆಟೋ ಚಾಲಕನೊಡನೆ ಬಾಡಿಗೆ ಕುದುರಿದಾಗ, ಕಚೇರಿಯಲ್ಲಿ ಮೇಲಧಿಕಾರಿಯ ಸೂಚನೆಗೆ ತಲೆಯಾಡಿಸುವಾಗ, ಬಿದ್ದು ಎದ್ದ ಮಗುವನ್ನು ‘ಓಕೆನಾ?’ ಎಂದು ವಿಚಾರಿಸುವಾಗ, ಎಲ್ಲೆಡೆಯೂ ಈ ಎರಡಕ್ಷರ ಹಾಜರಿರುತ್ತದೆ. ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಅದು ಸಲೀಸಾಗಿ ಹೊರಳುತ್ತದೆ. ಕನ್ನಡದ ‘ಮಾಡು’, ‘ಆಗು’ ಎಂಬ ಕ್ರಿಯಾಪದಗಳೊಡನೆ ಕೂಡಿ ‘ಓಕೆ ಮಾಡು’, ‘ಓಕೆ ಆಯಿತು’ ಎಂಬ ರೂಪಗಳನ್ನೂ ಪಡೆದು ನಮ್ಮ ಮನೆಮಾತಿನಂತೆಯೇ ಆಗಿಬಿಟ್ಟಿದೆ.

ಇಷ್ಟು ಪರಿಚಿತವಾದ ಈ ಪದ ಹುಟ್ಟಿದ್ದೆಲ್ಲಿ? ಆ ಎರಡು ಅಕ್ಷರಗಳು ಯಾವ ಮಾತುಗಳ ಸಂಕ್ಷೇಪ? ಈ ಪ್ರಶ್ನೆಗೆ ಹತ್ತು ಮಂದಿಯನ್ನು ಕೇಳಿದರೆ ಹತ್ತು ಉತ್ತರಗಳು ದೊರೆಯುತ್ತವೆ. ಪ್ರತಿಯೊಂದು ಉತ್ತರವೂ ಕೇಳಲು ಸೊಗಸಾಗಿರುತ್ತದೆ. ಆದರೆ ಪದವೊಂದರ ನಿಜವಾದ ಜನ್ಮವೃತ್ತಾಂತ ಒಂದೇ ಇರಲು ಸಾಧ್ಯ. ಅದನ್ನು ಪತ್ತೆ ಹಚ್ಚಲು ಅಮೆರಿಕದ ವಿದ್ವಾಂಸರೊಬ್ಬರು ಹಳೆಯ ಪತ್ರಿಕೆಗಳ ರಾಶಿಯನ್ನೇ ಜಾಲಾಡಬೇಕಾಯಿತು. ಕೊನೆಗೆ ದೊರೆತ ಉತ್ತರ ಮಾತ್ರ ಯಾರೂ ಊಹಿಸದಷ್ಟು ಕ್ಷುಲ್ಲಕವಾಗಿತ್ತು: ಬಾಸ್ಟನ್ ನಗರದ ಪತ್ರಿಕೆಯೊಂದರಲ್ಲಿ ಅಚ್ಚಾದ, ಕಾಗುಣಿತ ಕೆಡಿಸಿ ಮಾಡಿದ ಒಂದು ಸಣ್ಣ ತಮಾಷೆ.

ಪ್ರಚಲಿತ ಕಥೆಗಳು

ಮೊದಲು ಜನಪ್ರಿಯ ಕಥೆಗಳನ್ನು ನೋಡೋಣ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಒಂದು ದಿನದ ಕಾಳಗದಲ್ಲಿ ಯಾರೂ ಸಾಯದಿದ್ದರೆ ‘ಸೊನ್ನೆ ಸಾವು’ ಎಂಬರ್ಥದಲ್ಲಿ ‘ಝೀರೋ ಕಿಲ್ಡ್’ ಎಂದು ಫಲಕದಲ್ಲಿ ಬರೆಯಲಾಗುತ್ತಿತ್ತು, ಆ ಸೊನ್ನೆಯೇ ‘ಓ’ ಆಯಿತು, ‘ಕಿಲ್ಡ್’ನ ಮೊದಲಕ್ಷರ ‘ಕೆ’ ಆಯಿತು ಎಂಬುದು ಬಹುಶಃ ಎಲ್ಲಕ್ಕಿಂತ ಹೆಚ್ಚು ಹರಡಿರುವ ಕಥೆ. ಅದೇ ಯುದ್ಧದ ಸೈನಿಕರಿಗೆ ಪೂರೈಕೆಯಾಗುತ್ತಿದ್ದ ಬಿಸ್ಕತ್ತಿನ ಮೇಲೆ ತಯಾರಕ ಆರಿನ್ ಕೆಂಡಾಲ್ ಹೆಸರಿನ ಮೊದಲಕ್ಷರಗಳಿದ್ದವು, ಬಿಸ್ಕತ್ತು ಚೆನ್ನಾಗಿದ್ದುದರಿಂದ ‘ಓ.ಕೆ.’ ಎಂದರೆ ‘ಚೆನ್ನಾಗಿದೆ’ ಎಂದಾಯಿತು ಎಂಬುದು ಇನ್ನೊಂದು. ಒಬೆಡಾಯ ಕೆಲ್ಲಿ ಎಂಬ ರೈಲ್ವೆ ನೌಕರ ಸರಕಿನ ರಸೀದಿಗಳ ಮೇಲೆ ತನ್ನ ಹೆಸರಿನ ಮೊದಲಕ್ಷರಗಳನ್ನು ಗೀಚುತ್ತಿದ್ದ ಎಂಬುದು ಮತ್ತೊಂದು.

ಬೇರೆ ಭಾಷೆಗಳವರೂ ಈ ಪದ ತಮ್ಮದೆಂದು ಹಕ್ಕು ಸಾಧಿಸಿದ್ದಾರೆ. ಗ್ರೀಕ್ ಭಾಷೆಯಲ್ಲಿ ‘ಓಲಾ ಕಲಾ’ ಎಂದರೆ ‘ಎಲ್ಲವೂ ಚೆನ್ನಾಗಿದೆ’ ಎಂದರ್ಥ. ಸ್ಕಾಟ್ಲೆಂಡಿನವರು ‘ಆಖ್ ಆಯ್’ ಎಂದು ಹೂಂಗುಡುತ್ತಾರೆ. ಜರ್ಮನ್ನರ ‘ಓನೆ ಕರೆಕ್ಟೂರ್’ ಎಂದರೆ ‘ತಿದ್ದುಪಡಿ ಬೇಡ’. ಫಿನ್‌ಲೆಂಡಿನವರ ‘ಓಯ್ಕೆಯ’ ಎಂದರೆ ‘ಸರಿಯಾದದ್ದು’. ಹೈಟಿ ದ್ವೀಪದ ‘ಓ ಕಾಯ್’ ಬಂದರಿನಿಂದ ಬರುತ್ತಿದ್ದ ಉತ್ತಮ ರಮ್ ಮದ್ಯದ ಕಾರಣದಿಂದ ಈ ಪದ ಬಂತೆಂದು ಫ್ರೆಂಚ್ ಭಾಷೆಯ ಪರವಾಗಿ ವಾದಿಸಿದವರಿದ್ದಾರೆ.

ಈ ಸಾಲಿನಲ್ಲಿ ಎರಡು ವಾದಗಳನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ಮೊದಲನೆಯದು ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನರ ಭಾಷೆಗೆ ಸಂಬಂಧಿಸಿದ್ದು. ಆ ಭಾಷೆಯಲ್ಲಿ ‘ಓಕೆಹ್’ ಎಂಬ ರೂಪಕ್ಕೆ ‘ಅದು ಹೀಗೆಯೇ’ ಎಂಬರ್ಥವಿದೆ. 1913ರಿಂದ 1921ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ವುಡ್ರೋ ವಿಲ್ಸನ್ ಈ ವಾದವನ್ನು ನಂಬಿದ್ದರು. ಕಡತಗಳಿಗೆ ಒಪ್ಪಿಗೆ ನೀಡುವಾಗ ಅವರು ಚಾಕ್ಟಾ ಪದವನ್ನು ಹೋಲುವ ಕಾಗುಣಿತದಲ್ಲೇ ಬರೆಯುತ್ತಿದ್ದರು. ಎರಡನೆಯದು ಪಶ್ಚಿಮ ಆಫ್ರಿಕದ ವೋಲೋಫ್ ಭಾಷೆಯ ‘ವಾವ್ ಕೇ’, ಅಂದರೆ ‘ಹೌದಪ್ಪಾ’ ಎಂಬ ಮಾತಿಗೆ ಸಂಬಂಧಿಸಿದ್ದು. ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟ ಆಫ್ರಿಕನ್ನರ ಮೂಲಕ ಈ ಮಾತು ಇಂಗ್ಲಿಷಿಗೆ ಸೇರಿತೆಂದು ಬ್ರಿಟಿಷ್ ಭಾಷಾವಿಜ್ಞಾನಿ ಡೇವಿಡ್ ಡಾಲ್ಬಿ ವಾದಿಸಿದರು. ನಾವು ಬೆಂಡೆಕಾಯಿ ಎನ್ನುವ ತರಕಾರಿಗೆ ಅಮೆರಿಕನ್ನರು ಹೇಳುವ ‘ಓಕ್ರಾ’ ಎಂಬ ಹೆಸರು ಪಶ್ಚಿಮ ಆಫ್ರಿಕದಿಂದಲೇ ಬಂದದ್ದು. ಹೀಗಿರುವಾಗ ಆಫ್ರಿಕದ ಇನ್ನೊಂದು ಪದ ಇಂಗ್ಲಿಷಿಗೆ ಬಂದಿರಬಹುದೆಂಬ ಊಹೆಯಲ್ಲಿ ಅಸಂಗತವಾದುದೇನೂ ಇಲ್ಲ.

ಪರೀಕ್ಷೆಯ ಮಾನದಂಡ

ಆದರೆ ಊಹೆಗೂ ನಿರ್ಣಯಕ್ಕೂ ಅಂತರವಿದೆ. ಪದದ ಮೂಲವನ್ನು ನಿರ್ಣಯಿಸುವವರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಹೇಳಲಾಗುವ ಘಟನೆ ಆ ಪದದ ಅತ್ಯಂತ ಹಳೆಯ ಲಿಖಿತ ಬಳಕೆಗಿಂತ ಮೊದಲಿನದೇ? ಮೂಲಕ್ಕೂ ಇಂದಿನ ಬಳಕೆಗೂ ನಡುವೆ ಎಡೆಬಿಡದ ಕೊಂಡಿ ಇದೆಯೇ? ಪದದ ಆರಂಭಕಾಲದ ಬಳಕೆಗಳ ಅರ್ಥ ಮತ್ತು ರೂಪ ಆ ಮೂಲಕ್ಕೆ ಹೊಂದುತ್ತವೆಯೇ? ಉಚ್ಚಾರಣೆಯಲ್ಲಿ ಹೋಲಿಕೆ ಇರುವುದಷ್ಟೇ ಸಾಲದು. ಜಗತ್ತಿನಲ್ಲಿ ಸಾವಿರಾರು ಭಾಷೆಗಳಿರುವಾಗ ‘ಓ’ ಮತ್ತು ‘ಕೆ’ ಧ್ವನಿಗಳು ಕೂಡಿ ಎಲ್ಲೋ ಒಂದೆಡೆ ‘ಹೌದು’, ‘ಚೆನ್ನು’ ಎಂಬ ಅರ್ಥ ಕೊಡುವುದು ಕಾಕತಾಳೀಯವಷ್ಟೆ.

ಮೊದಲ ಪ್ರಶ್ನೆಯೊಂದೇ ಹಲವು ಕಥೆಗಳನ್ನು ಮುಗಿಸುತ್ತದೆ. ಅಮೆರಿಕದ ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ. ‘ಓ.ಕೆ.’ ಅದಕ್ಕೂ ಎರಡು ದಶಕಗಳಷ್ಟು ಹಿಂದೆಯೇ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಹಾಗಾಗಿ ‘ಸೊನ್ನೆ ಸಾವು’ ಕಥೆಯೂ ಬಿಸ್ಕತ್ತಿನ ಕಥೆಯೂ ಅಲ್ಲಿಗೇ ನಿಲ್ಲುತ್ತವೆ. ಗ್ರೀಕ್, ಜರ್ಮನ್, ಫಿನ್ನಿಷ್ ವಾದಗಳು ಎರಡನೆಯ ಪ್ರಶ್ನೆಯಲ್ಲಿ ಸೋಲುತ್ತವೆ. ಆ ಭಾಷಿಕರಿಂದ ಅಮೆರಿಕದ ಇಂಗ್ಲಿಷಿಗೆ ಪದ ದಾಟಿತೆಂಬುದಕ್ಕೆ ಕೊಂಡಿಯೇ ಇಲ್ಲ.

ಚಾಕ್ಟಾ ಹಾಗೂ ವೋಲೋಫ್ ವಾದಗಳ ಕೊರತೆಯೂ ಇದೇ. ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಗುಲಾಮರ ಮತ್ತು ಮೂಲನಿವಾಸಿಗಳ ಮಾತನ್ನು ಆ ಕಾಲದಲ್ಲಿ ಬರೆದಿಟ್ಟವರು ಬಹಳ ಕಡಿಮೆ. ಬರವಣಿಗೆ ಇಲ್ಲವೆಂದ ಮಾತ್ರಕ್ಕೆ ಮಾತೇ ಇರಲಿಲ್ಲವೆಂದು ಹೇಳಲಾಗದು. ಆದರೆ ಈ ಪದದ ಮಟ್ಟಿಗೆ ಇನ್ನೊಂದು ಕಡೆ ಬಲವಾದ ಲಿಖಿತ ಸಾಕ್ಷ್ಯವಿದೆ. ಅದು ಮೊದಲ ಬಾರಿಗೆ ಅಚ್ಚಾದಾಗ ಅದರ ವಿವರಣೆಯೂ ಪಕ್ಕದಲ್ಲೇ ಅಚ್ಚಾಗಿತ್ತು.

ಬಾಸ್ಟನ್, 1839

ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದ ಕೊನೆಯಲ್ಲಿ ಅಮೆರಿಕದ ಪತ್ರಿಕೆಗಳಿಗೆ ಒಂದು ವಿಚಿತ್ರ ಗೀಳು ಅಂಟಿಕೊಂಡಿತ್ತು. ಮಾತುಗಳನ್ನು ಪೂರ್ತಿ ಬರೆಯುವ ಬದಲು ಮೊದಲಕ್ಷರಗಳನ್ನಷ್ಟೇ ಬರೆದು ಓದುಗರನ್ನು ಕೆಣಕುವುದು ಆಗಿನ ಹಾಸ್ಯ. ‘ಸ್ಮಾಲ್ ಪೊಟೇಟೋಸ್’, ಅಂದರೆ ‘ಅಲ್ಪರು’ ಎನ್ನಲು ‘ಎಸ್.ಪಿ.’ ಎಂದು ಬರೆಯುವುದು, ‘ನಫ್ ಸೆಡ್’, ಅಂದರೆ ‘ಹೇಳಿದ್ದು ಸಾಕು’ ಎನ್ನಲು ‘ಎನ್.ಎಸ್.’ ಎಂದು ಬರೆಯುವುದು ನಡೆದಿತ್ತು. ಇಂದಿನ ಯುವಜನರು ಮೊಬೈಲ್ ಸಂದೇಶಗಳಲ್ಲಿ ಬಳಸುವ ಸಂಕ್ಷೇಪಗಳನ್ನು ಕಂಡು ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಆದರೆ ಆ ಚಾಳಿ ಹೊಸತೇನೂ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬಹುದು.

ಈ ಗೀಳಿಗೆ ಇನ್ನೊಂದು ಗೀಳು ಸೇರಿಕೊಂಡಿತು. ಓದುಬರಹ ಬಾರದವನ ವೇಷ ತೊಟ್ಟು, ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆಯುವುದು ಆ ಕಾಲದ ಅಮೆರಿಕನ್ ಹಾಸ್ಯದ ಜನಪ್ರಿಯ ವರಸೆ. ನಮ್ಮಲ್ಲಿ ನಗೆ ಉಕ್ಕಿಸಲು ‘ಹಾಲು’ ಎನ್ನುವುದನ್ನು ‘ಆಲು’ ಎಂದೂ ‘ಅಕ್ಕಿ’ ಎನ್ನುವುದನ್ನು ‘ಹಕ್ಕಿ’ ಎಂದೂ ಬರೆಯುವುದನ್ನು ಇದಕ್ಕೆ ಹೋಲಿಸಬಹುದು. ಹೀಗೆ ಕೆಡಿಸಿದ ಕಾಗುಣಿತದ ಮೊದಲಕ್ಷರಗಳನ್ನು ತೆಗೆದು ಸಂಕ್ಷೇಪ ಮಾಡಿದರೆ ತಮಾಷೆ ಇಮ್ಮಡಿಯಾಗುತ್ತಿತ್ತು. ‘ಆಲ್ ರೈಟ್’ ಎಂಬುದರ ಸಂಕ್ಷೇಪ ‘ಎ.ಆರ್.’ ಆಗಬೇಕು. ಆದರೆ ಅದನ್ನು ‘ಓ.ಡಬ್ಲ್ಯೂ.’ ಎಂದು ಬರೆದರು, ಏಕೆಂದರೆ ಕಾಗುಣಿತ ಬಾರದವನು ‘ಆಲ್’ ಅನ್ನು ‘ಓ’ ಅಕ್ಷರದಿಂದಲೂ ‘ರೈಟ್’ ಅನ್ನು ‘ಡಬ್ಲ್ಯೂ’ ಅಕ್ಷರದಿಂದಲೂ ಆರಂಭಿಸಿಯಾನು. ‘ನೋ ಯೂಸ್’ ಎಂಬುದು ಇದೇ ಬಗೆಯಲ್ಲಿ ‘ಕೆ.ವೈ.’ ಆಯಿತು.

ಈ ಹಿನ್ನೆಲೆಯಲ್ಲಿ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ 1839ರ ಮಾರ್ಚ್ 23ರ ಸಂಚಿಕೆಯನ್ನು ನೋಡಬೇಕು. ಅದರ ಸಂಪಾದಕ ಚಾರ್ಲ್ಸ್ ಗಾರ್ಡನ್ ಗ್ರೀನ್. ಬಾಸ್ಟನ್ನಿನಲ್ಲಿ ಆಗ ‘ಗಂಟೆ ಬಾರಿಸುವುದರ ವಿರೋಧಿ ಸಂಘ’ ಎಂಬ ಹೆಸರಿನ ವಿನೋದದ ಕೂಟವೊಂದಿತ್ತು. ಊಟದ ಗಂಟೆ ಬಾರಿಸುವುದರ ಮೇಲೆ ನಗರಾಡಳಿತ ವಿಧಿಸಿದ್ದ ನಿರ್ಬಂಧವನ್ನು ಅಣಕಿಸುವುದೇ ಅದರ ಕೆಲಸ. ಈ ಕೂಟದ ಸದಸ್ಯರು ನ್ಯೂಯಾರ್ಕಿಗೆ ಪ್ರವಾಸ ಹೊರಟ ಸುದ್ದಿಯನ್ನು ಹಿಡಿದು ನೆರೆಯ ಪ್ರಾವಿಡೆನ್ಸ್ ನಗರದ ಪತ್ರಿಕೆಯು ಚುಡಾಯಿಸಿತ್ತು. ಅದಕ್ಕೆ ಉತ್ತರವಾಗಿ ಬರೆದ ಕಿರುಬರಹದಲ್ಲಿ ಬಾಸ್ಟನ್ ಪತ್ರಿಕೆಯು ‘ಓ.ಕೆ.’ ಎಂದು ಅಚ್ಚು ಮಾಡಿ, ಪಕ್ಕದಲ್ಲೇ ‘ಆಲ್ ಕರೆಕ್ಟ್’ ಎಂದು ಅರ್ಥ ಕೊಟ್ಟಿತು. ‘ಎ’ ಅಕ್ಷರದಿಂದ ಆರಂಭವಾಗಬೇಕಾದ ‘ಆಲ್’ ‘ಓ’ದಿಂದಲೂ ‘ಸಿ’ ಅಕ್ಷರದಿಂದ ಆರಂಭವಾಗಬೇಕಾದ ‘ಕರೆಕ್ಟ್’ ‘ಕೆ’ಯಿಂದಲೂ ಆರಂಭವಾದಂತೆ ನಟಿಸುವುದೇ ಅಲ್ಲಿದ್ದ ಹಾಸ್ಯ. ಎರಡಕ್ಕೆ ಎರಡೂ ಅಕ್ಷರ ತಪ್ಪಾಗಿದ್ದು ಅರ್ಥ ಮಾತ್ರ ‘ಎಲ್ಲವೂ ಸರಿ’ ಎಂದಿರುವುದು ನಗೆಯ ತಿರುಳು.

ಆ ಪಕ್ಕದ ಅರ್ಥವೇ ನಮ್ಮ ಪಾಲಿಗೆ ಮುಖ್ಯ ಸಾಕ್ಷಿ. ಎಲ್ಲರಿಗೂ ತಿಳಿದಿರುವ ಪದಕ್ಕೆ ಯಾರೂ ಟಿಪ್ಪಣಿ ಬರೆಯುವುದಿಲ್ಲ. ಓದುಗರಿಗೆ ಹೊಸತೆಂದು ತಿಳಿದೇ ಸಂಪಾದಕ ಅದನ್ನು ಬಿಡಿಸಿ ಹೇಳಿದ್ದಾನೆ. ಅದೇ ವರ್ಷದ ಕೊನೆಯ ಹೊತ್ತಿಗೆ ಈ ಸಂಕ್ಷೇಪ ಬಾಸ್ಟನ್ ದಾಟಿ ನ್ಯೂಯಾರ್ಕ್, ಫಿಲಡೆಲ್ಫಿಯಾ ನಗರಗಳ ಪತ್ರಿಕೆಗಳಲ್ಲೂ ಕಾಣಿಸಿಕೊಂಡಿತು.

ಚುನಾವಣೆಯ ಕೃಪೆ

‘ಓ.ಡಬ್ಲ್ಯೂ.’, ‘ಕೆ.ವೈ.’, ‘ಎಸ್.ಪಿ.’ ಮುಂತಾದ ಸಂಗಾತಿಗಳೆಲ್ಲ ಕೆಲವೇ ವರ್ಷಗಳಲ್ಲಿ ಹೇಳಹೆಸರಿಲ್ಲದಂತಾದವು. ‘ಓ.ಕೆ.’ ಮಾತ್ರ ಬದುಕುಳಿಯಿತು. ಇದಕ್ಕೆ ಕಾರಣ ಪದದ ಗುಣವಷ್ಟೇ ಅಲ್ಲ, ಮರುವರ್ಷ ಬಂದ ಅಧ್ಯಕ್ಷೀಯ ಚುನಾವಣೆ ಕೂಡ.

1840ರಲ್ಲಿ ಡೆಮಾಕ್ರಟಿಕ್ ಪಕ್ಷದ ಮಾರ್ಟಿನ್ ವ್ಯಾನ್ ಬ್ಯೂರೆನ್ ಎರಡನೆಯ ಅವಧಿಗೆ ಅಧ್ಯಕ್ಷರಾಗಲು ಕಣಕ್ಕಿಳಿದಿದ್ದರು. 1782ರಲ್ಲಿ ಅವರು ಹುಟ್ಟಿದ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ಡಚ್ಚರು ನೆಲೆಸಿದ್ದ ಊರದು. ವ್ಯಾನ್ ಬ್ಯೂರೆನ್ ಅವರ ಮನೆಮಾತು ಕೂಡ ಡಚ್ ಆಗಿತ್ತು. ಅವರಿಗಿಂತ ಮೊದಲು ಅಧ್ಯಕ್ಷರಾಗಿದ್ದ ಆಂಡ್ರ್ಯೂ ಜಾಕ್ಸನ್ ‘ಓಲ್ಡ್ ಹಿಕರಿ’ ಎಂಬ ಅಡ್ಡಹೆಸರಿನಿಂದ ಜನಪ್ರಿಯರಾಗಿದ್ದರು. ಅದೇ ಧಾಟಿಯಲ್ಲಿ ವ್ಯಾನ್ ಬ್ಯೂರೆನ್ ‘ಓಲ್ಡ್ ಕಿಂಡರ್‌ಹುಕ್’ ಎನಿಸಿದರು. ಮೊದಲಕ್ಷರಗಳನ್ನು ಕೂಡಿಸಿದರೆ ಮತ್ತೆ ‘ಓ.ಕೆ.’! ಅವರ ಬೆಂಬಲಿಗರು 1840ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ‘ಓ.ಕೆ. ಕ್ಲಬ್’ ಕಟ್ಟಿ ಅದನ್ನೇ ರಣಘೋಷವನ್ನಾಗಿ ಮಾಡಿಕೊಂಡರು. ‘ಎಲ್ಲವೂ ಸರಿ’ ಎಂಬ ಹಳೆಯ ಅರ್ಥವೂ ‘ನಮ್ಮ ನಾಯಕ’ ಎಂಬ ಹೊಸ ಅರ್ಥವೂ ಒಂದೇ ಘೋಷಣೆಯಲ್ಲಿ ಬೆಸೆದುಕೊಂಡವು.

ಎದುರಾಳಿಗಳಾದ ವಿಗ್ ಪಕ್ಷದವರೂ ಸುಮ್ಮನಿರಲಿಲ್ಲ. 1837ರ ಆರ್ಥಿಕ ಕುಸಿತದಿಂದ ಜನ ತತ್ತರಿಸಿದ್ದ ಕಾಲವದು. ‘ಓ.ಕೆ.’ ಎಂದರೆ ‘ಔಟ್ ಆಫ್ ಕ್ಯಾಶ್’, ‘ಔಟ್ ಆಫ್ ಕ್ರೆಡಿಟ್’ ಎಂದು, ಅಂದರೆ ಕೈಯಲ್ಲಿ ಕಾಸಿಲ್ಲ, ಸಾಲವೂ ಹುಟ್ಟುತ್ತಿಲ್ಲ ಎಂದು ಅವರು ಅರ್ಥ ತಿರುಚಿದರು. ‘ಸಿ’ ಅಕ್ಷರದ ಜಾಗದಲ್ಲಿ ‘ಕೆ’ ಬರೆಯುವ ಹಳೆಯ ತಮಾಷೆ ಇಲ್ಲಿಯೂ ಮುಂದುವರಿಯಿತು. ಫಲಿತಾಂಶ ಬಂದಾಗ ವ್ಯಾನ್ ಬ್ಯೂರೆನ್ ಸೋತಿದ್ದರು. ವಿಗ್ ಪಕ್ಷದ ವಿಲಿಯಂ ಹೆನ್ರಿ ಹ್ಯಾರಿಸನ್ ಅವರಿಗೆ ದೊರೆತ 234 ಚುನಾಯಕರ ಮತಗಳೆದುರು ಅವರಿಗೆ ದಕ್ಕಿದ್ದು 60 ಮಾತ್ರ. ನಾಯಕ ಸೋತರೂ ಘೋಷಣೆ ಗೆದ್ದಿತು. ಒಂದು ಇಡೀ ವರ್ಷ ಎರಡೂ ಪಕ್ಷಗಳು ಹೊಗಳಲೋ ತೆಗಳಲೋ ಕೂಗಿದ್ದರಿಂದ ಆ ಎರಡಕ್ಷರ ದೇಶದ ಮೂಲೆಮೂಲೆಗೂ ತಲುಪಿತ್ತು.

ನಿಜದ ಮೇಲೆ ಮುಸುಕು

ವಿಪರ್ಯಾಸವೆಂದರೆ, ಪದವನ್ನು ಉಳಿಸಿದ ಚುನಾವಣೆಯೇ ಅದರ ನಿಜವಾದ ಮೂಲವನ್ನು ಮರೆಸಿತು. ಆಂಡ್ರ್ಯೂ ಜಾಕ್ಸನ್ ಅವರಿಗೆ ಕಾಗುಣಿತ ಬರುವುದಿಲ್ಲವೆಂಬುದು ವಿರೋಧಿಗಳ ನೆಚ್ಚಿನ ಕುಹಕವಾಗಿತ್ತು. ಜಾಕ್ಸನ್ ತಮ್ಮ ಕಡತಗಳ ಮೇಲೆ ‘ಆಲ್ ಕರೆಕ್ಟ್’ ಎಂಬುದನ್ನು ತಪ್ಪಾಗಿ ಬರೆದು ‘ಓ.ಕೆ.’ ಎಂದು ಚುಟುಕುಗೊಳಿಸುತ್ತಿದ್ದರು ಎಂಬ ಕಥೆಯನ್ನು 1840ರ ಪ್ರಚಾರದ ಬಿಸಿಯಲ್ಲಿ ಪತ್ರಿಕೆಗಳು ಹರಿಯಬಿಟ್ಟವು. ಕುಹಕವಾಗಿ ಹುಟ್ಟಿದ ಕಥೆ ಕಾಲಕ್ರಮೇಣ ಇತಿಹಾಸದ ವೇಷ ಧರಿಸಿತು.

ಮುಂದೆ ಈ ಕಥೆಗೆ ‘ದಾಖಲೆ’ಯೂ ದೊರೆಯಿತು. ಟೆನೆಸ್ಸೀ ರಾಜ್ಯದ ಸಮ್ನರ್ ಕೌಂಟಿ ನ್ಯಾಯಾಲಯದ 1790ರ ಕಡತವೊಂದರಲ್ಲಿ, ಆಗ ವಕೀಲರಾಗಿದ್ದ ಜಾಕ್ಸನ್ ಹೆಸರಿನೊಡನೆ ‘ಓ.ಕೆ.’ ಎಂಬ ಬರಹವಿದೆಯೆಂದು ಹೇಳಲಾಯಿತು. ಮೂಲ ಕೈಬರಹವನ್ನು ಪರಿಶೀಲಿಸಿದಾಗ ಅದು ‘ಓ.ಆರ್.’ ಎಂದು ತಿಳಿಯಿತು. ‘ದಾಖಲಿಸಲು ಆದೇಶಿಸಿದೆ’ ಎಂಬ ನ್ಯಾಯಾಲಯದ ಮಾಮೂಲು ಷರಾ ಅದು. ಹಳೆಯ ಲಿಪಿಯ ‘ಆರ್’ ಅಕ್ಷರವನ್ನು ‘ಕೆ’ ಎಂದು ಓದಿದ ಒಂದು ತಪ್ಪು ಹಲವು ದಶಕಗಳ ಕಾಲ ಸಾಕ್ಷ್ಯವೆನಿಸಿಕೊಂಡಿತ್ತು. ದಾಖಲೆ ಇದೆ ಎಂಬುದಷ್ಟೇ ಸಾಲದು, ಅದನ್ನು ಸರಿಯಾಗಿ ಓದಲೂ ಬೇಕು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಅಲೆನ್ ವಾಕರ್ ರೀಡ್ ಅವರ ಶೋಧ

ಈ ಗೋಜಲನ್ನು ಬಿಡಿಸಿದವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅಲೆನ್ ವಾಕರ್ ರೀಡ್. 1906ರಲ್ಲಿ ಮಿನ್ನೆಸೋಟ ರಾಜ್ಯದಲ್ಲಿ ಜನಿಸಿದ ಅವರು ಜೀವಮಾನವಿಡೀ ಅಮೆರಿಕದ ಇಂಗ್ಲಿಷಿನ ಪದಗಳ ಬೆನ್ನು ಹತ್ತಿದವರು. 1941ರ ಜುಲೈ ತಿಂಗಳಲ್ಲಿ ‘ಸ್ಯಾಟರ್ಡೇ ರಿವ್ಯೂ ಆಫ್ ಲಿಟರೇಚರ್’ ವಾರಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು 1840ರ ಓ.ಕೆ. ಕ್ಲಬ್ಬಿನ ಪಾತ್ರವನ್ನು ಬೆಳಕಿಗೆ ತಂದು, ಪದದ ಮೂಲ ಕಿಂಡರ್‌ಹುಕ್ ಎಂಬ ಊರಿನ ಹೆಸರಿನಲ್ಲಿದೆ ಎಂದು ತೋರಿಸಿದರು.

ಸಾಮಾನ್ಯರಾಗಿದ್ದರೆ ಅಲ್ಲಿಗೇ ಸಂತೃಪ್ತರಾಗುತ್ತಿದ್ದರು. ರೀಡ್ ಹುಡುಕಾಟ ನಿಲ್ಲಿಸಲಿಲ್ಲ. ಕಂಪ್ಯೂಟರಿನಲ್ಲಿ ಪದ ಕೊಟ್ಟು ಹುಡುಕುವ ಅನುಕೂಲ ಆಗ ಇರಲಿಲ್ಲ. ಹಳೆಯ ಪತ್ರಿಕೆಗಳ ಪುಟಗಳನ್ನು ಒಂದೊಂದಾಗಿ ಕಣ್ಣಲ್ಲೇ ಓದಬೇಕಿತ್ತು. ಆ ಓದಿನಲ್ಲಿ 1839ರ ಬಳಕೆಗಳು ಬಯಲಾದವು. ಚುನಾವಣೆಗೆ ಒಂದು ವರ್ಷ ಮೊದಲೇ ಪದವಿತ್ತು ಎಂದಾದ ಮೇಲೆ ಕಿಂಡರ್‌ಹುಕ್ ಮೂಲವಾಗಿರಲು ಸಾಧ್ಯವಿರಲಿಲ್ಲ. 1963 ಮತ್ತು 1964ರಲ್ಲಿ ‘ಅಮೆರಿಕನ್ ಸ್ಪೀಚ್’ ಎಂಬ ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾದ ಲೇಖನಮಾಲೆಯಲ್ಲಿ ರೀಡ್ ತಮ್ಮ ಮೊದಲಿನ ನಿರ್ಣಯವನ್ನು ತಾವೇ ತಿದ್ದಿದರು. ಬಾಸ್ಟನ್ನಿನ ತಮಾಷೆ ಮೊದಲ ಹಂತ, ಚುನಾವಣೆ ಎರಡನೆಯ ಹಂತ ಎಂದು ಇತಿಹಾಸವನ್ನು ಮರುಜೋಡಿಸಿದರು. ಇಂದು ಇಂಗ್ಲಿಷಿನ ಪ್ರಮುಖ ನಿಘಂಟುಗಳು ಒಪ್ಪಿರುವುದು ಇದನ್ನೇ. ರೀಡ್ 2002ರಲ್ಲಿ ತಮ್ಮ 96ನೆಯ ವಯಸ್ಸಿನಲ್ಲಿ ನಿಧನರಾದರು.

ತಾವೇ ಮಂಡಿಸಿದ ವಾದವನ್ನು ಸಾಕ್ಷ್ಯ ಎದುರಾದಾಗ ಕೈಬಿಡುವುದು ವಿದ್ವತ್ತಿನ ನಿಜವಾದ ಲಕ್ಷಣ. ಈ ದೃಷ್ಟಿಯಿಂದ ರೀಡ್ ಅವರ ಶೋಧದ ಫಲದಷ್ಟೇ ಅವರ ನಡೆಯೂ ಮಾದರಿಯಾದುದು.

ತಂತಿಯಿಂದ ತೆರೆಯವರೆಗೆ

ಚುನಾವಣೆಯ ಗದ್ದಲ ಅಡಗಿದ ಮೇಲೆ ಪದವನ್ನು ಕಾಪಾಡಿದ್ದು ತಂತಿ ಮತ್ತು ರೈಲು. 1844ರ ಮೇ 24ರಂದು ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತಂತಿ ಸಂದೇಶ ಕಳುಹಿಸಿದ ನಂತರ ಅಮೆರಿಕದ ಉದ್ದಗಲಕ್ಕೂ ತಂತಿಜಾಲ ಹಬ್ಬಿತು. ಕಳುಹಿಸಿದ ಸಂದೇಶ ಸರಿಯಾಗಿ ತಲುಪಿತೆಂದು ಆಚೆ ಕಡೆಯವನು ತಿಳಿಸಲೇಬೇಕಾಗಿತ್ತು. ಪ್ರತಿ ಅಕ್ಷರವನ್ನೂ ಚುಕ್ಕೆ ಗೆರೆಗಳಲ್ಲಿ ಬಡಿಯಬೇಕಾದಲ್ಲಿ ಎರಡೇ ಅಕ್ಷರದ ‘ಓ.ಕೆ.’ ಹೇಳಿ ಮಾಡಿಸಿದಂತಿತ್ತು. ದಸ್ತಾವೇಜು, ಸರಕು ಪಟ್ಟಿ, ಲೆಕ್ಕಪತ್ರಗಳ ಮೇಲೆ ಪರಿಶೀಲನೆಯ ಗುರುತಾಗಿಯೂ ಅದು ನೆಲೆ ನಿಂತಿತು. ಹೀಗೆ ನಗೆಹನಿಯೊಂದು ಗಂಭೀರ ವ್ಯವಹಾರದ ಮುದ್ರೆಯಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಸಂಗೀತದ ತಟ್ಟೆಗಳು, ಚಲನಚಿತ್ರಗಳು, ಮಹಾಯುದ್ಧಗಳಲ್ಲಿ ದೇಶದೇಶ ಸುತ್ತಿದ ಅಮೆರಿಕನ್ ಸೈನಿಕರು ಈ ಪದವನ್ನು ಜಗತ್ತಿಗೆ ಹಂಚಿದರು. ‘ಓಕೇ’ ಎಂಬ ನಾಲ್ಕಕ್ಷರದ ಇಂಗ್ಲಿಷ್ ಕಾಗುಣಿತವೂ ಬಳಕೆಗೆ ಬಂದು, ಸಂಕ್ಷೇಪವೆಂಬ ನೆನಪೇ ಮಾಸತೊಡಗಿತು. 1961ರ ಮೇ 5ರಂದು ಅಲನ್ ಶೆಪರ್ಡ್ ಬಾಹ್ಯಾಕಾಶಕ್ಕೆ ಹೋಗಿ ಬಂದ ಮೊದಲ ಅಮೆರಿಕನ್ ಎನಿಸಿದಾಗ ನಾಸಾ ಸಂಸ್ಥೆಯ ವಕ್ತಾರ ಜಾನ್ ಪವರ್ಸ್ ಅವರ ಬಾಯಿಂದ ‘ಎ-ಓಕೆ’ ಎಂಬ ರೂಪ ಮನೆಮಾತಾಯಿತು.

ಕಂಪ್ಯೂಟರ್ ತೆರೆಯ ಮೇಲೆ ಇದು ನೆಲೆಸಿದ ಪ್ರಸಂಗವೂ ಸ್ವಾರಸ್ಯಕರ. ಆ್ಯಪಲ್ ಸಂಸ್ಥೆಯು 1983ರಲ್ಲಿ ಬಿಡುಗಡೆ ಮಾಡಿದ ‘ಲೀಸಾ’ ಕಂಪ್ಯೂಟರಿನ ತಯಾರಿಯ ಹಂತದಲ್ಲಿ, ಒಪ್ಪಿಗೆ ಸೂಚಿಸುವ ಗುಂಡಿಯ ಮೇಲೆ ‘ಡು ಇಟ್’, ಅಂದರೆ ‘ಮಾಡು’ ಎಂದು ಬರೆಯಲಾಗಿತ್ತು. ಪರೀಕ್ಷೆಗೆಂದು ಬಂದವರು ಎರಡು ಪದಗಳ ನಡುವಿನ ಅಂತರವನ್ನು ಗಮನಿಸದೆ ಅದನ್ನು ‘ಡೋಲ್ಟ್’ ಎಂದು ಓದಿದರು. ಇಂಗ್ಲಿಷಿನಲ್ಲಿ ದೊಡ್ಡಕ್ಷರದ ‘ಐ’ ಮತ್ತು ಚಿಕ್ಕಕ್ಷರದ ‘ಎಲ್’ ನೋಡಲು ಒಂದೇ ತೆರನಾಗಿರುವುದೇ ಇದಕ್ಕೆ ಕಾರಣ. ‘ಡೋಲ್ಟ್’ ಎಂದರೆ ದಡ್ಡ! ಯಂತ್ರ ತಮ್ಮನ್ನು ಬೈಯುತ್ತಿದೆಯೆಂದು ಅವರು ಮುನಿಸಿಕೊಂಡಾಗ ಗುಂಡಿಯ ಬರಹ ‘ಓಕೆ’ ಎಂದಾಯಿತು. ಅಂತರಜಾಲದ ಪುಟವೊಂದು ಯಶಸ್ವಿಯಾಗಿ ದೊರೆತಾಗ ಸರ್ವರ್ ಕಳುಹಿಸುವ 200ನೆಯ ಸಂಕೇತದ ಹೆಸರು ಕೂಡ ‘ಓಕೆ’ ಎಂದೇ ಇದೆ. ಈ ಬರಹ ನಿಮ್ಮ ತೆರೆಗೆ ಬರುವ ಮುನ್ನವೂ ಆ ಎರಡಕ್ಷರ ಯಂತ್ರಗಳ ನಡುವೆ ವಿನಿಮಯವಾಗಿರುವ ಸಾಧ್ಯತೆಯೇ ಹೆಚ್ಚು.

ನಮ್ಮ ‘ಸರಿ’ಯೂ ಅವರ ‘ಓಕೆ’ಯೂ

ಕನ್ನಡದಲ್ಲಿ ಈ ಪದ ಇಷ್ಟು ಸುಲಭವಾಗಿ ಬೇರೂರಿದ್ದಕ್ಕೆ ನಮ್ಮ ‘ಸರಿ’ ಎಂಬ ಪದವೂ ನೆಲ ಹದಗೊಳಿಸಿತ್ತು ಎನ್ನಬಹುದು. ‘ಉತ್ತರ ಸರಿ’ ಎಂದಾಗ ತಪ್ಪಿಲ್ಲವೆಂದರ್ಥ. ‘ಸರಿ, ಬರುತ್ತೇನೆ’ ಎಂದಾಗ ಒಪ್ಪಿಗೆ. ‘ಸರಿ, ಇನ್ನು ಹೊರಡೋಣ’ ಎಂದಾಗ ಮಾತಿನ ತಿರುವು. ‘ಎಲ್ಲವೂ ಸರಿ’ ಎಂಬಲ್ಲಿ ಹುಟ್ಟಿದ ‘ಓ.ಕೆ.’ ಇಂಗ್ಲಿಷಿನಲ್ಲಿ ಕ್ರಮೇಣ ಈ ಮೂರೂ ಕೆಲಸಗಳನ್ನು ವಹಿಸಿಕೊಂಡಿತು. ಹಾಗಾಗಿ ‘ಸರಿ’ ಎನ್ನಬೇಕಾದಲ್ಲೆಲ್ಲ ‘ಓಕೆ’ ಎನ್ನುವುದು ನಮಗೆ ಕಷ್ಟವಾಗಲಿಲ್ಲ.

ಒಂದು ವ್ಯತ್ಯಾಸ ಮಾತ್ರ ಉಳಿದಿದೆ. ‘ಸಿನಿಮಾ ಹೇಗಿತ್ತು?’ ಎಂಬ ಪ್ರಶ್ನೆಗೆ ‘ಓಕೆ’ ಎಂದು ಉತ್ತರಿಸಿದರೆ ಅಷ್ಟಕ್ಕಷ್ಟೆ ಎಂದು ತಿಳಿಯುತ್ತೇವೆ. ಅಲ್ಲಿ ‘ಸರಿ’ ಎಂದರೆ ಅರ್ಥವಾಗದು, ‘ಪರವಾಗಿಲ್ಲ’ ಎನ್ನಬೇಕಾಗುತ್ತದೆ. ಹೊಗಳದೆ, ತೆಗಳದೆ, ಅಡ್ಡಿಯಿಲ್ಲವೆಂದಷ್ಟೇ ಹೇಳುವ ಈ ನಿರ್ಲಿಪ್ತತೆಯೂ ಓಕೆಯ ಜನಪ್ರಿಯತೆಗೆ ಕಾರಣವಿರಬೇಕು.

ಬೇಗೂರಿನ ಕಲ್ಲು ಹೇಳುವುದೂ ಇದನ್ನೇ

ಸೊಗಸಾದ ಕಥೆಯೆದುರು ದಿನಾಂಕವುಳ್ಳ ಬರಹವನ್ನಿಟ್ಟು ನೋಡುವ ಈ ವಿಧಾನ ನಮಗೂ ಹೊಸತಲ್ಲ. ಹೊಯ್ಸಳರ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದಾಗ ಮುದುಕಿಯೊಬ್ಬಳು ಬೇಯಿಸಿದ ಕಾಳು ಕೊಟ್ಟು ಉಪಚರಿಸಿದಳು, ಅದರಿಂದ ‘ಬೆಂದಕಾಳೂರು’ ಎಂಬ ಹೆಸರು ಬಂದು ಅದೇ ಬೆಂಗಳೂರಾಯಿತು ಎಂಬ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಇಮ್ಮಡಿ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಆದರೆ ಬೆಂಗಳೂರಿನ ಬೇಗೂರಿನಲ್ಲಿರುವ ಗಂಗರ ಕಾಲದ ವೀರಗಲ್ಲಿನ ಶಾಸನವು ‘ಬೆಂಗಳೂರು’ ಕಾಳಗವನ್ನು ಹೆಸರಿಸುತ್ತದೆ. ಅದರ ಕಾಲ ಕ್ರಿ.ಶ. 890ರ ಸುಮಾರು. ರಾಜನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಹೆಸರು ಕಲ್ಲಿನಲ್ಲಿ ಮೂಡಿದ್ದ ಮೇಲೆ, ಆ ರಾಜನ ಹಸಿವಿನಿಂದ ಹೆಸರು ಹುಟ್ಟಿತೆನ್ನಲು ಬಾರದು. ಬಾಸ್ಟನ್ನಿನ ಪತ್ರಿಕೆ ‘ಸೊನ್ನೆ ಸಾವಿ’ನ ಕಥೆಗೆ ಮಾಡಿದ್ದನ್ನೇ ಬೇಗೂರಿನ ಕಲ್ಲು ಬೆಂದ ಕಾಳಿನ ಕಥೆಗೆ ಮಾಡಿದೆ.

ಹಾಗೆಂದು ಕಥೆಗಳನ್ನು ಹೇಳಲೇಬಾರದೆಂದಲ್ಲ. ಮುದುಕಿಯ ಕಾಳಿನ ಕಥೆಯಲ್ಲಿ ಅತಿಥಿ ಸತ್ಕಾರದ ಚೆಲುವಿದೆ, ‘ಸೊನ್ನೆ ಸಾವಿ’ನ ಕಥೆಯಲ್ಲಿ ಯುದ್ಧದಿಂದ ಬಳಲಿದವರ ನಿಟ್ಟುಸಿರಿದೆ. ಅವುಗಳನ್ನು ಕಥೆಯೆಂದೇ ಹೇಳಿದರೆ ಯಾರಿಗೂ ನಷ್ಟವಿಲ್ಲ. ಇತಿಹಾಸವೆಂದು ನಂಬಿಸಿದಾಗ ಮಾತ್ರ ತೊಡಕು ಶುರುವಾಗುತ್ತದೆ. ಪದದ ಮೂಲವೊಂದನ್ನು ಹಿಡಿದು ಊರು ನಮ್ಮದು, ಭಾಷೆ ನಮ್ಮದೇ ಮೊದಲು ಎಂದು ಜಗಳಕ್ಕೆ ನಿಲ್ಲುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಮೊಬೈಲಿನಲ್ಲಿ ದಿನವೂ ಹರಿದು ಬರುವ ಇಂತಹ ವ್ಯುತ್ಪತ್ತಿಗಳನ್ನು ಮುಂದಕ್ಕೆ ದಾಟಿಸುವ ಮುನ್ನ ‘ಇದಕ್ಕಿಂತ ಹಳೆಯ ಬರಹವೇನಾದರೂ ಇದೆಯೇ?’ ಎಂಬ ಒಂದೇ ಪ್ರಶ್ನೆ ಕೇಳಿಕೊಂಡರೆ ಅರ್ಧಕ್ಕರ್ಧ ಅಲ್ಲೇ ಉದುರಿಹೋದಾವು.

ಯುದ್ಧವೀರರೂ ಅಧ್ಯಕ್ಷರೂ ಪ್ರಾಚೀನ ಭಾಷೆಗಳೂ ಹೆತ್ತವರೆಂದು ಹೇಳಿಕೊಂಡ ಪದವೊಂದಕ್ಕೆ ಕೊನೆಗೆ ಉಳಿದ ಹೆತ್ತವರು, ಕಾಗುಣಿತ ಕೆಡಿಸಿ ನಕ್ಕ ಪತ್ರಿಕೆಯ ಮಂದಿ. ಇಂಗ್ಲಿಷಿನ ಪದಗಳಲ್ಲಿ ಜಗತ್ತಿನ ಉದ್ದಗಲಕ್ಕೂ ಅತಿ ಹೆಚ್ಚು ಪರಿಚಿತವಾದದ್ದು ಒಂದು ಬೇಕೆಂದೇ ಮಾಡಿದ ತಪ್ಪಿನಿಂದ ಹುಟ್ಟಿತು, ಅದರ ಅರ್ಥ ಮಾತ್ರ ‘ಎಲ್ಲವೂ ಸರಿ’ ಎಂದಿದೆ.